ವಿದ್ಯಾರ್ಥಿಗಳ ಕೈಗೆ ಪಂಚಾಯಿತಿಯ ಲೆಕ್ಕದ ಪುಸ್ತಕ ಕೊಡಿ

ಪದವಿ ಓದುವ ಹುಡುಗ ಹುಡುಗಿಯರಿಗೆ ಇಂಟರ್ನ್‌ಶಿಪ್ ಈಗ ತಪ್ಪಿಸಿಕೊಳ್ಳಲಾಗದ ಬಾಬತ್ತು. ಎಂಜಿನಿಯರಿಂಗ್‌ನಲ್ಲಿ ಅದು ಕಡ್ಡಾಯ. ವಾಣಿಜ್ಯ, ಮ್ಯಾನೇಜ್‌ಮೆಂಟ್, ಸಮಾಜಕಾರ್ಯದ ತರಗತಿಗಳಲ್ಲೂ ಒಂದಲ್ಲ ಒಂದು ಹೆಸರಿನಲ್ಲಿ ಅಂಕಪಟ್ಟಿಯೊಳಕ್ಕೆ ಬಂದಿದೆ. ಬೆಂಗಳೂರಿನ ಕಾಲೇಜಿನವರಿಗೆ ಸುತ್ತಮುತ್ತ ಕಂಪನಿಗಳಿವೆ. ರಾಯಚೂರು, ಚಿತ್ರದುರ್ಗ, ಗದಗ, ಚಾಮರಾಜನಗರದ ಕಾಲೇಜಿನವರು ಎಲ್ಲಿಗೆ ಹೋಗಬೇಕು? ಹಲವರು ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ, ಹತ್ತಾರು ವಿಡಿಯೊ ನೋಡಿ, ಪ್ರಮಾಣಪತ್ರ ಇಳಿಸಿಕೊಂಡು ಆ ಶಾಸ್ತ್ರ ಮುಗಿಸುತ್ತಾರೆ. ಕೆಲಸ ಕಲಿಯಲಿ ಎಂದು ಮಾಡಿದ ನಿಯಮ ಕಾಗದ ಕೊಳ್ಳುವ ವ್ಯವಹಾರವಾಗಿ ಬದಲಾಗುತ್ತದೆ. ಅದೇ ಊರಿನಲ್ಲಿ ಒಂದು ನಗರಸಭೆ ಇರುತ್ತದೆ, ಅದರ ಸುತ್ತ ಹತ್ತಾರು ಗ್ರಾಮ ಪಂಚಾಯಿತಿಗಳಿರುತ್ತವೆ. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳೇ ಸುಮಾರು 6,000. ನಗರ ಸ್ಥಳೀಯ ಸಂಸ್ಥೆಗಳು 300ಕ್ಕೂ ಹೆಚ್ಚು. ನೀರು, ದೀಪ, ಕಸ, ರಸ್ತೆ, ತೆರಿಗೆ, ಹಣಕಾಸು, ಕಟ್ಟಡ, ಸಿಬ್ಬಂದಿ ಎಲ್ಲವನ್ನೂ ಒಂದೇ ಸೂರಿನಡಿ ನಿರ್ವಹಿಸುವ ಇಂಥ ಕಚೇರಿ ಯಾವ ಕಾಲೇಜಿಗೂ ದೂರವಿಲ್ಲ. ಕಲಿಯಬೇಕಾದವರೂ ಕಲಿಸಬಲ್ಲ ಜಾಗವೂ ಒಂದೇ ತಾಲ್ಲೂಕಿನಲ್ಲಿ ಇದ್ದರೂ ಇಬ್ಬರ ಭೇಟಿ ಆಗುತ್ತಿಲ್ಲ.

ಸರ್ಕಾರಕ್ಕೆ ಇದು ಹೊಳೆದಿಲ್ಲ ಎನ್ನುವಂತಿಲ್ಲ. ಹೊಸ ಎಂಜಿನಿಯರಿಂಗ್ ಪದವೀಧರರಿಗೆ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಒಂದು ವರ್ಷದವರೆಗೆ ಇಂಟರ್ನ್‌ಶಿಪ್ ಕೊಡಿಸುವ ಮಾತು 2020–21ರ ಕೇಂದ್ರ ಬಜೆಟ್‌ನಲ್ಲಿಯೇ ಬಂದಿತ್ತು. ಅದೇ ವರ್ಷದ ಜೂನ್‌ನಲ್ಲಿ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತೂ (ಎಐಸಿಟಿಇ) ಸೇರಿ ‘ಟುಲಿಪ್’ ಎಂಬ ಯೋಜನೆ ಆರಂಭಿಸಿದವು. ದೇಶದ 4,000ಕ್ಕೂ ಹೆಚ್ಚು ನಗರಾಡಳಿತ ಸಂಸ್ಥೆಗಳು, 100 ಸ್ಮಾರ್ಟ್ ಸಿಟಿಗಳು ಅದರ ವ್ಯಾಪ್ತಿಗೆ ಬಂದವು. ಆದರೆ ಅದು ಓದು ಮುಗಿಸಿದವರಿಗೆ, ಅದೂ ನಗರಗಳಿಗೆ ಸೀಮಿತವಾದ ಯೋಜನೆ. ಓದುತ್ತಿರುವವರೂ ಹಳ್ಳಿಯ ಪಂಚಾಯಿತಿಯೂ ಅದರ ಹೊರಗೇ ಉಳಿದರು. ನಾಲ್ಕು ವರ್ಷದ ಮೇಲೆ, 2024ರ ಜುಲೈ ಬಜೆಟ್‌ನಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಗಾತ್ರದಲ್ಲಿ ಬಹಳ ದೊಡ್ಡದು. ಐದು ವರ್ಷದಲ್ಲಿ 1 ಕೋಟಿ ಯುವಜನರಿಗೆ ತಿಂಗಳಿಗೆ 5,000 ರೂಪಾಯಿ ಕೊಟ್ಟು ತರಬೇತಿ ನೀಡುವ ಗುರಿ ಅದರದು. ತರಬೇತಿ ನಡೆಯುವುದು ಮಾತ್ರ ದೇಶದ 500 ದೊಡ್ಡ ಕಂಪನಿಗಳಲ್ಲಿ. ಸಾರ್ವಜನಿಕ ಹಣದಿಂದ ನಡೆಯುವ ಇಷ್ಟು ದೊಡ್ಡ ತರಬೇತಿಯಲ್ಲಿ ಸಾರ್ವಜನಿಕ ಆಡಳಿತದ ತಳಮಟ್ಟದ ಕಚೇರಿಗೂ ಒಂದು ಪಾಲು ಇರಬೇಕಿತ್ತು.

ಹಾಗೆಂದು ವಿದ್ಯಾರ್ಥಿಗಳು ಪಂಚಾಯಿತಿಯ ಮೆಟ್ಟಿಲನ್ನೇ ಹತ್ತಿಲ್ಲ ಎಂದಲ್ಲ. ಎನ್ನೆಸ್ಸೆಸ್‌ನವರು ವರ್ಷಕ್ಕೊಮ್ಮೆ ಏಳು ದಿನದ ಶಿಬಿರ ಮಾಡುತ್ತಾರೆ. 2014ರಲ್ಲಿ ಶುರುವಾದ ಉನ್ನತ ಭಾರತ ಅಭಿಯಾನದಡಿ ಕಾಲೇಜುಗಳು ಹಳ್ಳಿಗಳನ್ನು ದತ್ತು ಪಡೆದಿವೆ. ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಮೊದಲಿನಿಂದಲೂ ಓದಿನ ಭಾಗ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಹೋದವರಿಗೆ ಅಲ್ಲಿ ಸಿಗುವ ಕೆಲಸ ಹೆಚ್ಚಾಗಿ ಒಂದೇ ಬಗೆಯದು: ಮನೆಮನೆ ಸಮೀಕ್ಷೆ, ಜಾಥಾ, ಗೋಡೆಬರಹ, ಶ್ರಮದಾನ, ಬೀದಿನಾಟಕ, ಆ್ಯಪ್‌ಗೆ ಫೋಟೊ ಏರಿಸುವುದು. ಪಂಚಾಯಿತಿಯ ಜಗುಲಿಯವರೆಗೆ ಬಂದ ವಿದ್ಯಾರ್ಥಿ ಒಳಗಿನ ಬೀರುವಿನಲ್ಲಿ ಏನಿದೆ ಎಂದು ನೋಡದೆ ವಾಪಸಾಗುತ್ತಾರೆ. ಹಣ ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಬಂತು, ಯಾರು ತೀರ್ಮಾನಿಸಿದರು, ಬಿಲ್ಲು ಏಕೆ ನಿಂತಿತು, ಇದ್ದ ಆಸ್ತಿ ಏನಾಯಿತು ಎಂಬುದರಲ್ಲಿ ಆಡಳಿತದ ನಿರ್ವಹಣೆ ಅಡಗಿದೆ. ಅದನ್ನು ತಿಳಿಯಬೇಕಾದರೆ ಲೆಕ್ಕದ ಪುಸ್ತಕ, ನಡಾವಳಿ ಪುಸ್ತಕ, ತೆರಿಗೆ ವಹಿ, ವಿದ್ಯುತ್ ಬಿಲ್ಲಿನ ಕಡತ ಬಿಚ್ಚಿ ಓದಬೇಕು. ಸ್ಥಳೀಯ ಸಂಸ್ಥೆಯ ಇಂಟರ್ನ್‌ಶಿಪ್ ಈ ಕಡತಗಳಿಂದ ಶುರುವಾಗಬೇಕು, ಮತ್ತು ಆ ಸಂಸ್ಥೆ ತನ್ನ ಸಭೆಯಲ್ಲಿಟ್ಟು ಬಳಸಬಹುದಾದ ಒಂದು ಪೂರ್ಣ ಕೆಲಸದಲ್ಲಿ ಮುಗಿಯಬೇಕು. ಅಷ್ಟಾಗದಿದ್ದರೆ ಸಾವಿರಾರು ಮಂದಿಯನ್ನು ಕಳಿಸಿದರೂ ಪ್ರಯೋಜನವಿಲ್ಲ ಎಂಬುದು ನನ್ನ ವಾದ.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಗ್ರಾಮ ಪಂಚಾಯಿತಿಗಳ ತಲೆಯ ಮೇಲಿರುವ ದೊಡ್ಡ ಹೊರೆಗಳಲ್ಲಿ ವಿದ್ಯುತ್ ಬಿಲ್ಲೂ ಒಂದು. ಕೊಳವೆಬಾವಿಯ ಪಂಪು, ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಮೋಟಾರು, ಬೀದಿದೀಪ ಇವಿಷ್ಟಕ್ಕೆ ವಿದ್ಯುತ್ ಸರಬರಾಜು ಕಂಪನಿಗಳಾದ (ಎಸ್ಕಾಂ) ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಸೆಸ್ಕ್‌ಗಳಿಗೆ ಕಟ್ಟಬೇಕಾದ ಬಾಕಿ ವರ್ಷದಿಂದ ವರ್ಷಕ್ಕೆ ಬಡ್ಡಿ ಸಮೇತ ಬೆಳೆದಿದೆ. ಪ್ರತಿ ಸಂಪರ್ಕಕ್ಕೂ ಒಂದು ಆರ್‌ಆರ್ ನಂಬರ್ ಇರುತ್ತದೆ. ಬಿಲ್ಲಿನಲ್ಲಿ ಎರಡು ಭಾಗ: ಉರಿದ ಯೂನಿಟ್ಟಿಗೆ ಒಂದು, ಮಂಜೂರಾದ ಲೋಡ್‌ಗೆ ತಿಂಗಳು ತಿಂಗಳು ಬೀಳುವ ನಿಗದಿತ ಶುಲ್ಕ ಇನ್ನೊಂದು. ಸೋರಿಕೆ ಈ ಎರಡನೆಯ ಭಾಗದಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಕೊಳವೆಬಾವಿ ಬತ್ತಿ ಮೋಟಾರು ಎತ್ತಿದ ಮೇಲೂ ಸಂಪರ್ಕ ಹಿಂದಿರುಗಿಸದಿದ್ದರೆ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. ಹಳೆಯ ದೀಪ ಕಳಚಿ ಎಲ್‌ಇಡಿ ಹಾಕಿದರೂ ಮಂಜೂರಾದ ಲೋಡ್ ಇಳಿಸಿಕೊಳ್ಳಲು ಅರ್ಜಿ ಕೊಡದಿದ್ದರೆ ಹಳೆಯ ಶುಲ್ಕವೇ ಮುಂದುವರಿಯುತ್ತದೆ. ಮೊದಲ ಭಾಗದಲ್ಲೂ ಸೋರಿಕೆ ಇದೆ. ಮೀಟರ್ ಕೆಟ್ಟಿದ್ದರೆ ಸರಾಸರಿಯ ಮೇಲೆ ಬಿಲ್ಲು ಬರುತ್ತದೆ. ಸ್ವಿಚ್ಚಿಲ್ಲದ ಕಂಬದಲ್ಲಿ ದೀಪ ಹಗಲಿಡೀ ಉರಿಯುತ್ತದೆ.

ಇದನ್ನೆಲ್ಲ ಪತ್ತೆ ಮಾಡಲು ದೊಡ್ಡ ವಿದ್ಯೆ ಬೇಕಿಲ್ಲ, ಪುರುಸೊತ್ತು ಬೇಕು. ಪಂಚಾಯಿತಿಯ ಯಾರಿಗೂ ಇಲ್ಲದಿರುವುದು ಅದೇ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುವ ಇಬ್ಬರಿಗೆ ಆರ್‌ಆರ್ ನಂಬರುಗಳ ಪಟ್ಟಿ ಕೊಟ್ಟು, ನೀರುಗಂಟಿಯ ಜೊತೆ ಮಾಡಿ ಕಳಿಸಿದರೆ ಯಾವ ಸಂಪರ್ಕ ಎಲ್ಲಿದೆ, ಯಾವುದು ಜೀವಂತ, ಯಾವುದು ಸತ್ತಿದೆ, ಯಾವ ಮೀಟರ್ ಓಡುತ್ತಿಲ್ಲ ಎಂಬ ತಃಖ್ತೆ ಕೆಲವು ವಾರಗಳಲ್ಲಿ ಸಿದ್ಧವಾಗುತ್ತದೆ. ಜೊತೆಗೊಬ್ಬ ಬಿ.ಕಾಂ. ವಿದ್ಯಾರ್ಥಿ ಇದ್ದರೆ ಬಾಕಿಯಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು, ಸತ್ತ ಸಂಪರ್ಕದ ಪಾಲೆಷ್ಟು ಎಂದು ಬಿಡಿಸಿ ಬರೆಯಬಹುದು. ಆ ತಃಖ್ತೆಯನ್ನು ಹಿಡಿದು ಪಂಚಾಯಿತಿ ಎಸ್ಕಾಂನ ಉಪವಿಭಾಗ ಕಚೇರಿಗೆ ಹೋಗಬಹುದು, ಸಂಪರ್ಕ ರದ್ದತಿಗೆ, ಲೋಡ್ ಇಳಿಕೆಗೆ, ಮೀಟರ್ ಬದಲಾವಣೆಗೆ ಅರ್ಜಿ ಹಾಕಬಹುದು. ತರಗತಿಯಲ್ಲಿ ಓದಿದ ಲೋಡ್, ಪವರ್ ಫ್ಯಾಕ್ಟರ್, ಶುಲ್ಕದ ದರಪಟ್ಟಿ ವಿದ್ಯಾರ್ಥಿಗೆ ಊರಿನ ನೀರಿನ ಸಮಸ್ಯೆಯಾಗಿ ಎದುರಾಗುತ್ತದೆ. ಈ ಕಲಿಕೆಗೆ ಸಮನಾದುದು ದುಡ್ಡು ಕೊಟ್ಟು ಕೊಂಡ ಪ್ರಮಾಣಪತ್ರದಲ್ಲಿ ಸಿಗುವುದಿಲ್ಲ.

ತೆರಿಗೆಯ ವಿಷಯವೂ ಹೀಗೆಯೇ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗೆ ಕಟ್ಟಡ ಮತ್ತು ನಿವೇಶನಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ. ವರ್ಷದ ಕೊನೆಗೆ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕ ತಯಾರಾಗುತ್ತದೆ. ವಸೂಲಿ ಶೇಕಡಾ 90 ದಾಟಿದರೆ ಶಹಬ್ಬಾಸ್ ಎನ್ನುತ್ತಾರೆ. ಬೇಡಿಕೆಯೇ ಕಡಿಮೆ ಹಾಕಿದ್ದರೆ ಆ ಶೇಕಡಾವಾರಿಗೆ ಏನು ಬೆಲೆ? ಹೊಸದಾಗಿ ಕಟ್ಟಿದ ಮನೆ, ಮೇಲೆ ಎಬ್ಬಿಸಿದ ಮಹಡಿ, ಅಂಗಡಿಯಾದ ಮುಂಗೋಣೆ, ಹೆದ್ದಾರಿ ಬದಿಯ ಗೋದಾಮು ವಹಿಯಲ್ಲಿ ಸೇರದೇ ಇದ್ದರೆ ವಸೂಲಿ ಎಷ್ಟೇ ಚೆನ್ನಾಗಿದ್ದರೂ ಪಂಚಾಯಿತಿ ಬಡವಾಗಿಯೇ ಉಳಿಯುತ್ತದೆ. ಊರಿನಲ್ಲಿರುವ ಒಟ್ಟು ವಿದ್ಯುತ್ ಸಂಪರ್ಕಗಳ ಸಂಖ್ಯೆಯನ್ನು ತೆರಿಗೆ ವಹಿಯಲ್ಲಿರುವ ಮನೆಗಳ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದರೆ ಅಂತರ ಎಲ್ಲಿದೆ ಎಂಬ ಸುಳಿವು ಸಿಗುತ್ತದೆ. ಸ್ವಂತ ಆದಾಯ ಇದ್ದರೆ ಮಾತ್ರ ಪಂಚಾಯಿತಿಗೆ ಸ್ವಂತ ತೀರ್ಮಾನ ಸಾಧ್ಯ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು. ಉಳಿದ 40 ಭಾಗವನ್ನೂ ಸಂಬಳಕ್ಕೆ, ಕಚೇರಿ ಖರ್ಚಿಗೆ ಬಳಸುವಂತಿರಲಿಲ್ಲ. ಮೇಲಿನಿಂದ ಬರುವ ಹಣ ಷರತ್ತಿನೊಡನೆ ಬರುತ್ತದೆ ಎಂಬ ಈ ಪಾಠ ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಒಂದು ವಾಕ್ಯ. ಪಂಚಾಯಿತಿಯ ಕ್ರಿಯಾಯೋಜನೆ ಎದುರಿಗಿಟ್ಟುಕೊಂಡರೆ ಅದರ ಬಿಸಿ ತಟ್ಟುತ್ತದೆ.

ವಿದ್ಯಾರ್ಥಿಯ ಕೆಲಸ ಊರಿಗೆ ತಲುಪಬೇಕಾದರೆ ಅದಕ್ಕೊಂದು ವೇದಿಕೆ ಬೇಕು. ಕರ್ನಾಟಕದಲ್ಲಿ ಅದು ಸಿದ್ಧವಾಗಿಯೇ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ ಜಮಾಬಂದಿ ನಡೆಯುತ್ತದೆ. ಹಿಂದಿನ ಹಣಕಾಸು ವರ್ಷದ ಜಮಾ–ಖರ್ಚು, ವಹಿಗಳು, ಆದ ಕಾಮಗಾರಿಗಳನ್ನು ಜನರೆದುರು ಪರಿಶೀಲಿಸುವ ಕ್ರಮ ಇದು. ಬೇರೆ ಎಷ್ಟೋ ರಾಜ್ಯಗಳು ಅಸೂಯೆಪಡಬಹುದಾದ ವ್ಯವಸ್ಥೆ. ಅನೇಕ ಕಡೆ ಅದು ಸಹಿ ಹಾಕಿಸಿಕೊಳ್ಳುವ ಔಪಚಾರಿಕತೆಯಾಗಿ ಮುಗಿಯುವುದಕ್ಕೆ ಜನರ ನಿರಾಸಕ್ತಿಯಷ್ಟೇ ಕಾರಣವಲ್ಲ. ಓದಿ ಹೇಳುವ ಅಂಕಿಗಳು ಕೇಳುವವರಿಗೆ ಅರ್ಥವಾಗುವ ರೂಪದಲ್ಲಿ ಇರುವುದಿಲ್ಲ. ಜಮಾಬಂದಿಗೆ ಮುಂಚಿನ ಎರಡು ತಿಂಗಳು ವಿದ್ಯಾರ್ಥಿಗಳನ್ನು ಕಳಿಸಿ, ವಾರ್ಡುವಾರು ಎಷ್ಟು ಖರ್ಚಾಯಿತು, ಯಾವ ಕಾಮಗಾರಿ ಯಾವ ಹಂತದಲ್ಲಿದೆ ಎಂಬುದನ್ನು ನಾಲ್ಕು ಪುಟದ ಕನ್ನಡದಲ್ಲಿ ಬರೆಸಿದರೆ ಆ ಸಭೆಯ ಸ್ವರೂಪವೇ ಬದಲಾದೀತು. ಕನ್ನಡದಲ್ಲಿ ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಈಗಿನ ಇಂಟರ್ನ್‌ಶಿಪ್ ವರದಿಗಳು ಇಂಗ್ಲಿಷಿನಲ್ಲಿ ಸಿದ್ಧವಾಗಿ, ಸ್ಪೈರಲ್ ಬೈಂಡ್ ಆಗಿ, ಕಾಲೇಜಿನ ವಿಭಾಗದ ಕಪಾಟು ಸೇರುತ್ತವೆ. ಯಾರ ಊರಿನ ಬಗ್ಗೆ ಬರೆದರೋ ಅವರು ಅದನ್ನು ನೋಡುವುದೇ ಇಲ್ಲ. ಮೊದಲ ಸಲ ಗೆದ್ದುಬಂದ ಅಧ್ಯಕ್ಷೆ, ಸದಸ್ಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಓದಿ ಪ್ರಶ್ನೆ ಕೇಳುವಂತಿರುವ ವರದಿಗೆ ಮಾತ್ರ ವಿಶ್ವವಿದ್ಯಾಲಯ ಅಂಕ ಕೊಡಲಿ.

ಬೇರೆ ದೇಶದ ಅನುಭವವೂ ಇದೇ ದಿಕ್ಕಿನಲ್ಲಿದೆ. ಅಮೆರಿಕದ ಅನೇಕ ಊರುಗಳಲ್ಲಿ ಚುನಾಯಿತ ಕೌನ್ಸಿಲ್ ಒಬ್ಬ ವೃತ್ತಿಪರ ಸಿಟಿ ಮ್ಯಾನೇಜರನ್ನು ನೇಮಿಸಿಕೊಳ್ಳುತ್ತದೆ. 1914ರಲ್ಲಿ ಹುಟ್ಟಿದ ಇಂಥ ಮ್ಯಾನೇಜರುಗಳ ಸಂಘ ಇಂದಿಗೂ ಇದೆ. ಕಾನ್ಸಸ್ ಸಿಟಿಯ ಮ್ಯಾನೇಜರ್ ಆಗಿದ್ದ ಎಲ್.ಪಿ. ಕುಕಿಂಗ್‌ಹ್ಯಾಮ್ ತರುಣರನ್ನು ತಮ್ಮ ಕಚೇರಿಯಲ್ಲೇ ಇಟ್ಟುಕೊಂಡು ಕೆಲಸ ಕಲಿಸಿದವರು. ಫೀನಿಕ್ಸ್ ನಗರದ ಮ್ಯಾನೇಜ್‌ಮೆಂಟ್ ಇಂಟರ್ನ್ ಕಾರ್ಯಕ್ರಮ 1950ರಿಂದ ನಡೆದುಬಂದಿದೆ. ನ್ಯೂಯಾರ್ಕಿನ ಅರ್ಬನ್ ಫೆಲೋಸ್ ಕಾರ್ಯಕ್ರಮ 1969ರದು. ಇಂಥ ಕಾರ್ಯಕ್ರಮಗಳಲ್ಲಿ ಬಂದವರನ್ನು ಬಜೆಟ್ ತಯಾರಾಗುವ ಮೇಜಿನ ಹತ್ತಿರ ಕೂರಿಸುತ್ತಾರೆ, ವಿಭಾಗದಿಂದ ವಿಭಾಗಕ್ಕೆ ಕಳಿಸುತ್ತಾರೆ, ಆಡಳಿತದ ನಡುಮನೆಗೇ ಬಿಟ್ಟುಕೊಳ್ಳುತ್ತಾರೆ. ಒಂದು ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿ ಇಂಟರ್ನ್ ಆದವರು ಮುಂದೆ ಸಿಟಿ ಮ್ಯಾನೇಜರ್ ಆಗುವ ದಾರಿ ತೆರೆದಿದೆ. ಇಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಮುಖ್ಯಾಧಿಕಾರಿ ಹುದ್ದೆಗಳು ಸ್ಪರ್ಧಾತ್ಮಕ ಪರೀಕ್ಷೆ, ಬಡ್ತಿ, ನಿಯೋಜನೆಯ ಮೂಲಕವೇ ತುಂಬುತ್ತವೆ. ಅದು ಹಾಗೆಯೇ ಇರಬೇಕು. ಇಲ್ಲಿನ ಇಂಟರ್ನ್‌ಶಿಪ್ ನೌಕರಿಯ ಆಸೆ ಹುಟ್ಟಿಸಬಾರದು. ಮುಂದೆ ಗುತ್ತಿಗೆದಾರ, ಲೆಕ್ಕಪರಿಶೋಧಕಿ, ಪತ್ರಕರ್ತ, ಸದಸ್ಯೆ ಅಥವಾ ಬರೀ ತೆರಿಗೆದಾರ ಏನೇ ಆದರೂ ತನ್ನ ಊರಿನ ಆಡಳಿತದ ಕಾಗದ ಓದಬಲ್ಲ ನಾಗರಿಕರನ್ನು ಅದು ತಯಾರು ಮಾಡಿದರೆ ಸಾಕಷ್ಟಾಯಿತು.

ಇದಕ್ಕೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವು. ಎಲ್ಲಕ್ಕಿಂತ ಗಟ್ಟಿಯಾದುದು ಪಿಡಿಒಗಳ ಕಡೆಯಿಂದ ಬರುವಂಥದ್ದು. ಉದ್ಯೋಗ ಖಾತರಿ, ವಸತಿ, ಇ-ಸ್ವತ್ತು, ನೀರು, ತೆರಿಗೆ, ದಿನಕ್ಕೊಂದು ವಿಡಿಯೊ ಕಾನ್ಫರೆನ್ಸ್, ಎದುರಿಗೆ ನಿಂತ ಜನ ಇಷ್ಟರ ನಡುವೆ ಕಾಲೇಜು ಹುಡುಗರನ್ನು ಕೂರಿಸಿಕೊಂಡು ಪಾಠ ಹೇಳುವುದು ಯಾವಾಗ? ಎಷ್ಟೋ ಕಡೆ ಒಬ್ಬ ಪಿಡಿಒಗೆ ಪಕ್ಕದ ಪಂಚಾಯಿತಿಯ ಪ್ರಭಾರವೂ ಇರುತ್ತದೆ. ಈ ಆಕ್ಷೇಪ ನಿಜ. ಅದಕ್ಕೇ ಕಲಿಸುವ ಹೊಣೆಯನ್ನು ಪಿಡಿಒ ಮೇಲೆ ಹೊರಿಸಬಾರದು. ಆ ಹೊಣೆ ಕಾಲೇಜಿನ ಅಧ್ಯಾಪಕರದು. ಅವರು ವಾರಕ್ಕೊಮ್ಮೆಯಾದರೂ ಪಂಚಾಯಿತಿಗೆ ಬರಬೇಕು. ಅದು ಅವರ ಬೋಧನಾ ಅವಧಿಯ ಲೆಕ್ಕಕ್ಕೆ ಸೇರಬೇಕು. ಮೈಸೂರಿನ ಅಬ್ದುಲ್ ನಜೀರ್‌ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯಲ್ಲಿ ಸದಸ್ಯರಿಗೂ ನೌಕರರಿಗೂ ತರಬೇತಿ ನೀಡಿದ ಅನುಭವವಿದೆ. ಪಂಚಾಯತ್ ರಾಜ್‌ಗೆಂದೇ ಗದಗದಲ್ಲಿ ಒಂದು ವಿಶ್ವವಿದ್ಯಾಲಯವಿದೆ. ಅಧ್ಯಾಪಕರನ್ನು ಮೊದಲು ಅಲ್ಲಿಗೆ ಕಳಿಸಿ, ಪಂಚಾಯಿತಿಯ ವಹಿಗಳನ್ನು ಓದಲು ಕಲಿಸಬೇಕು. ಪಿಡಿಒ ಕೊಡಬೇಕಾದುದು ಮೊದಲ ದಿನ ಒಂದು ಪ್ರಶ್ನೆ, ನಡುವೆ ಒಂದು ಭೇಟಿ, ಕೊನೆಯಲ್ಲಿ ವರದಿಯ ಮೇಲೆ ಒಂದು ಅಭಿಪ್ರಾಯ ಮಾತ್ರ. ಪ್ರಶ್ನೆ ಆ ಪಂಚಾಯಿತಿಗೆ ನಿಜಕ್ಕೂ ಉತ್ತರ ಬೇಕಾದದ್ದಾಗಿದ್ದರೆ ಆ ಸಮಯ ಅವರಿಗೆ ವ್ಯರ್ಥ ಅನಿಸುವುದಿಲ್ಲ.

ಎರಡನೆಯದು ಕಾರ್ಮಿಕ ಸಂಘಟನೆಗಳು ಎತ್ತಬಹುದಾದ ಪ್ರಶ್ನೆ. ಖಾಲಿ ಹುದ್ದೆ ತುಂಬುವ ಬದಲು ಸರ್ಕಾರ ವಿದ್ಯಾರ್ಥಿಗಳನ್ನು ಪುಕ್ಕಟೆ ದುಡಿಸಿಕೊಂಡರೆ? ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿಗಳು ಕನಿಷ್ಠ ವೇತನಕ್ಕಾಗಿ, ಸೇವಾ ಭದ್ರತೆಗಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಅವರ ಅನ್ನಕ್ಕೆ ಕಲ್ಲು ಹಾಕುವ ಯಾವ ಯೋಜನೆಯೂ ಬೇಡ. ಹಾಗಾಗಿ ಗೆರೆ ಮೊದಲೇ ಎಳೆಯಬೇಕು: ನಿತ್ಯದ ಕೌಂಟರ್ ಕೆಲಸ, ರಸೀದಿ, ಡಾಟಾ ಎಂಟ್ರಿ ವಿದ್ಯಾರ್ಥಿಗೆ ಕೊಡುವಂತಿಲ್ಲ, ಇ-ಸ್ವತ್ತು, ಪಂಚತಂತ್ರ ತಂತ್ರಾಂಶಗಳ ಲಾಗಿನ್ ಅವರ ಕೈಗೆ ಹೋಗುವಂತಿಲ್ಲ. ಒಬ್ಬ ನೌಕರ ಮಾಡಲೇಬೇಕಾದ ಕೆಲಸ ವಿದ್ಯಾರ್ಥಿಯದಲ್ಲ. ಯಾರೂ ಮಾಡದೆ ಉಳಿದ ಪರಿಶೀಲನೆ ಮಾತ್ರ ಅವರದು. ಜೊತೆಗೆ ಗೌರವಧನ ಕೊಡಲೇಬೇಕು. ಪುಕ್ಕಟೆ ಇಂಟರ್ನ್‌ಶಿಪ್ ಮಾಡುವ ಶಕ್ತಿ ಅನುಕೂಲಸ್ಥರ ಮಕ್ಕಳಿಗೆ ಇರುತ್ತದೆ. ರಜೆಯಲ್ಲಿ ಕೂಲಿಗೆ ಹೋಗಿ ಶುಲ್ಕ ಹೊಂದಿಸುವವರು ಅದರಿಂದ ಹೊರಗುಳಿಯುತ್ತಾರೆ.

ಜನರ ಖಾಸಗಿ ವಿವರ ಸೋರಿಹೋದೀತು ಎಂಬ ಆತಂಕಕ್ಕೂ ಆಧಾರವಿದೆ. ಯಾರ ಮನೆಗೆ ಎಷ್ಟು ಬಾಕಿ, ಯಾರ ಜಾತಿ ಯಾವುದು, ಯಾರಿಗೆ ಪಿಂಚಣಿ ಬರುತ್ತದೆ ಎಂಬುದು ಹುಡುಗರ ಮೊಬೈಲಿಗೆ ಹೋಗಬಾರದು. ಮೇಲೆ ಹೇಳಿದ ಕೆಲಸಗಳಿಗೆ ಆ ಹೆಸರುಗಳ ಅಗತ್ಯವೇ ಇಲ್ಲ. ಒಟ್ಟು ಸಂಖ್ಯೆಗಳು, ಪಂಚಾಯಿತಿಯದೇ ಬಿಲ್ಲುಗಳು, ಕಾಮಗಾರಿಯ ಅಂದಾಜುಪಟ್ಟಿಗಳು ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬಜೆಟ್, ಖರ್ಚು, ಯೋಜನೆಗಳ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ವಿದ್ಯಾರ್ಥಿ ಓದಬೇಕಾದುದರಲ್ಲಿ ಹೆಚ್ಚಿನದು ಈಗಾಗಲೇ ಸಾರ್ವಜನಿಕವಾಗಿರಬೇಕಾದ ಕಾಗದ. ವಿದ್ಯಾರ್ಥಿಯ ವರದಿಯನ್ನು ಒಂದು ಗುಂಪು ಇನ್ನೊಂದು ಗುಂಪಿನ ಮೇಲೆ ಅಸ್ತ್ರ ಮಾಡಿಕೊಳ್ಳುತ್ತದೆ ಎಂಬ ಭಯ ಅಧ್ಯಕ್ಷರಿಗೂ ಸದಸ್ಯರಿಗೂ ಸಹಜ. ವರದಿ ವ್ಯಕ್ತಿಯನ್ನು ಬಿಟ್ಟು ವ್ಯವಸ್ಥೆಯ ಬಗ್ಗೆ ಮಾತಾಡಿದರೆ, ಮೊದಲು ಸಾಮಾನ್ಯ ಸಭೆಗೆ ಬಂದು ಪಂಚಾಯಿತಿಯ ಉತ್ತರದೊಂದಿಗೆ ಜಮಾಬಂದಿಗೆ ಹೋದರೆ ಆ ಭಯ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಸಾರ್ವಜನಿಕ ಹಣದ ಲೆಕ್ಕ ಸಾರ್ವಜನಿಕವಾಗಿ ಚರ್ಚೆಯಾದಾಗ ಸ್ವಲ್ಪ ಬಿಸಿ ಏಳುವುದು ಪ್ರಜಾಪ್ರಭುತ್ವದ ಸಹಜ ಗುಣ.

ಚುನಾಯಿತ ಮಂಡಳಿಯೇ ಇಲ್ಲದ ಕಡೆ ಏನು ಮಾಡುವುದು ಎಂದು ಕೇಳಬಹುದು. 2021ರಲ್ಲಿ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆ ಕಾಣಲಿಲ್ಲ. ಬಿಬಿಎಂಪಿಯ ಕೌನ್ಸಿಲ್ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಬೆಂಗಳೂರಿನ ಸ್ಥಿತಿಯೂ ಹಾಗೇ ಆಯಿತು. ಆಡಳಿತಾಧಿಕಾರಿಯೊಬ್ಬರೇ ನಡೆಸುವ ಸಂಸ್ಥೆಯಲ್ಲಿ ವಿದ್ಯಾರ್ಥಿ ಅರ್ಧ ಪಾಠವನ್ನಷ್ಟೇ ಕಲಿಯುತ್ತಾರೆ. ಸದಸ್ಯರ ಒತ್ತಾಯ, ವಾರ್ಡಿನ ಜಗಳ, ಬಹುಮತದ ತೀರ್ಮಾನ ಇಲ್ಲದ ಆಡಳಿತ ನೋಡಿ ಅದೇ ದಕ್ಷತೆ ಎಂದು ತಿಳಿದುಬಿಟ್ಟರೆ ಅಪಾಯ. ಅಂಥ ಕಡೆ ವರದಿ ನೇರವಾಗಿ ವಾರ್ಡ್ ಸಭೆಗೆ, ಗ್ರಾಮಸಭೆಗೆ ಹೋಗಲಿ. ಮಂಡಳಿ ಇಲ್ಲದಿರುವುದರಿಂದ ಏನು ನಿಂತಿದೆ ಎಂಬುದೂ ಆ ವರದಿಯ ಒಂದು ಅಧ್ಯಾಯವಾಗಲಿ.

ಇನ್ನು ದುಡ್ಡಿನ ಮಾತು. 6,000 ಗ್ರಾಮ ಪಂಚಾಯಿತಿಗಳಿಗೆ ತಲಾ ಇಬ್ಬರು ವಿದ್ಯಾರ್ಥಿಗಳು, ತಿಂಗಳಿಗೆ 5,000 ರೂಪಾಯಿಯಂತೆ ಎರಡು ತಿಂಗಳು ಎಂದರೆ 12 ಕೋಟಿ ರೂಪಾಯಿ. ರಾಜ್ಯ ಸರ್ಕಾರ 2024ರ ಜನವರಿಯಿಂದ ಯುವನಿಧಿಯಡಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಎರಡು ವರ್ಷದವರೆಗೆ ಕೊಡುತ್ತಿದೆ. ಆ ಭತ್ಯೆಗೆ ಇಂಟರ್ನ್‌ಶಿಪ್ಪಿನ ಷರತ್ತು ಕಟ್ಟುವುದು ತಪ್ಪು. ಅದು ನಿರುದ್ಯೋಗಿಯ ಹಕ್ಕಾಗಿ ಬಂದ ಹಣ. ಪದವೀಧರರು ಕೆಲಸಕ್ಕಾಗಿ ಕಾಯುವ ದಿನಗಳ ಮೇಲೆ ಖರ್ಚು ಮಾಡಬಲ್ಲ ಸರ್ಕಾರ, ಅವರು ಓದುವಾಗಲೇ ಕೆಲಸ ಕಲಿಯುವ ಎರಡು ತಿಂಗಳಿಗೂ 12 ಕೋಟಿ ತೆಗೆದಿಡಬಲ್ಲದು. ಎಲ್ಲ 6,000 ಕಡೆ ಒಮ್ಮೆಗೇ ಶುರುಮಾಡುವ ಉಮೇದು ಬೇಡ. ಜಿಲ್ಲೆಗೊಂದು ತಾಲ್ಲೂಕು, ಅಲ್ಲಿನ ಸರ್ಕಾರಿ ಪದವಿ ಕಾಲೇಜು ಮತ್ತು ಪಾಲಿಟೆಕ್ನಿಕ್, ಒಂದೇ ವಿಷಯ: ವಿದ್ಯುತ್ ಬಿಲ್ಲು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಪಂಚಾಯಿತಿಯ ವಹಿಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ ಎಂದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯಿಂದ ಒಂದು ಸುತ್ತೋಲೆ, ಆ ಕೆಲಸಕ್ಕೆ ಕ್ರೆಡಿಟ್ ಕೊಡುತ್ತೇವೆ ಎಂದು ವಿಶ್ವವಿದ್ಯಾಲಯಗಳಿಂದ ಒಂದು ಆದೇಶ ಬಂದರೆ ಸಾಕು. ಮುಂದಿನ ಜಮಾಬಂದಿಗೆ ಮೊದಲೇ ಅವೆರಡೂ ಹೊರಡಲಿ.